ಕೂಸಿಗೆ ಹಾಲು ಕುಡಿಸುವ ಜಾಗ

ಕೆರೆಬಿಳಚಿಯ ಪಿಂಜಾರ ರಸೂಲನನ್ನು ಪೊಲೀಸರು ಹಿಡಿದುಕೊಂಡು ಹೋದಾಗ ಅವನ ಹೆಂಡತಿ ಹಫೀಜಾ ಇನ್ನೂ ಹಸಿ ಬಾಣಂತಿ. ತಲೆಗೆ ಬಟ್ಟೆ ಸುತ್ತಿಕೊಂಡು, ಕೆಂಡದ ಮಡಕೆಯ ಪಕ್ಕದಲ್ಲಿ ಕೂಸನ್ನು ಮಲಗಿಸಿಕೊಂಡು ಒಳಗೆ ಕೂತಿದ್ದಳು. ಹೊರಗೆ ಬೂಟಿನ ಸದ್ದಾಯಿತು. ಗಂಡ ಏನೋ ಹೇಳುತ್ತಿದ್ದದ್ದು ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಗೋಡೆ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಹತ್ತಿ ಹೊಡೆಯುವ ಬಿಲ್ಲು ಅಂಗಳದಲ್ಲಿ ಅಂಗಾತ ಬಿದ್ದಿತ್ತು. ಅರೆಬರೆ ಹೊಡೆದ ಹತ್ತಿ ಗಾಳಿಗೆ ಎದ್ದು ಓಣಿಯ ತುಂಬ ಹಾರಾಡುತ್ತಿತ್ತು.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ವರ್ಷದ ಬೇಸಿಗೆ ಅದು.

ನಡೆದದ್ದು ಇಷ್ಟು. ನಲ್ಲೂರಿನ ಅಡಿಕೆ ವ್ಯಾಪಾರಿ ಷಣ್ಮುಖಪ್ಪನವರ ಮಗಳ ಮದುವೆಗೆ ರಸೂಲ್ ಗಾದಿ, ದಿಂಬು ಹೊಲಿದುಕೊಟ್ಟಿದ್ದ. ಅವರ ಮನೆಯ ಪಡಸಾಲೆಯಲ್ಲೇ ಕೂತು ಹತ್ತಿ ಹೊಡೆದು, ತುಂಬಿ, ಹೊಲಿದು, ಕೆಲಸ ಮುಗಿಸಿ ಊರಿಗೆ ಬಂದಿದ್ದ. ಆಮೇಲೆ ಚಪ್ಪರ ಹಾಕಿದ ದಿನ ಆ ಮನೆಯ ಒಳಕೋಣೆಯಿಂದ ಹುಡುಗಿಯ ಸೊಂಟದ ಚಿನ್ನದ ಡಾಬು ಕಾಣೆಯಾಯಿತು. ಮನೆಗೆ ಬಂದುಹೋದವರನ್ನೆಲ್ಲ ನೆನೆಸಿಕೊಂಡರು. ನೆಂಟರ ಹೆಸರು ಎತ್ತುವ ಹಾಗಿಲ್ಲ. ಆಳುಗಳು ಅಜ್ಜಂದಿರ ಕಾಲದಿಂದ ಇದ್ದವರು. ಕೊನೆಗೆ ಉಳಿದವನು ಪಿಂಜಾರ. ಅಂಗಡಿಯ ಗುಮಾಸ್ತ ಬಸವರಾಜಪ್ಪ, ಆ ಮಧ್ಯಾಹ್ನ ಹಿತ್ತಲ ಬೇಲಿಯ ಹತ್ತಿರ ಹೆಗಲ ಮೇಲೆ ಬಿಲ್ಲು ಹೊತ್ತವನೊಬ್ಬನನ್ನು ಕಂಡೆ ಎಂದ. ಕಂಡಿದ್ದರೂ ಕಂಡಿರಬಹುದು. ಹೆಗಲ ಮೇಲೆ ಉದ್ದನೆಯದೇನನ್ನೋ ಹೊತ್ತು ತಿರುಗುವವರು ಆ ಸೀಮೆಯಲ್ಲಿ ಬೇಕಾದಷ್ಟು ಜನ.

ಆ ಮಧ್ಯಾಹ್ನ ರಸೂಲ್ ತನ್ನ ಮನೆಯ ಜಗಲಿಯ ಮೇಲೆ ಇದ್ದ. ಒಳಗೆ ಹಫೀಜಾ ಹೆರಿಗೆ ನೋವು ತಿನ್ನುತ್ತಿದ್ದಳು. ಬೆಳಿಗ್ಗೆ ಹಿಡಿದ ನೋವು ಹೊತ್ತು ಇಳಿಯುವ ತನಕ ಬಿಡಲಿಲ್ಲ. ಓಣಿಯ ಜನವೆಲ್ಲ ಸಂತೆಗೆ ಹೋಗಿದ್ದರು. ಸೂಲಗಿತ್ತಿ ಉಡಚಮ್ಮ ನೀರು ಎಂದರೆ ನೀರು, ಎಣ್ಣೆ ಎಂದರೆ ಎಣ್ಣೆ ತಂದು ಬಾಗಿಲಲ್ಲಿ ಇಡುತ್ತಿದ್ದವನು ಅವನೇ. ಹೆಣ್ಣು ಕೂಸು ಹುಟ್ಟಿತು. ಬಾಗಿಲ ಸಂದಿಯಿಂದ ಅದರ ಮುಖ ನೋಡಿ, "ಜಹಾನಾರಾ ಅನ್ನಾನ" ಎಂದವನೂ ಅವನೇ. ಇದನ್ನು ಬಲ್ಲವರು ಹಫೀಜಾ ಮತ್ತು ಉಡಚಮ್ಮ, ಇಬ್ಬರೇ. ಮರುತಿಂಗಳು ಊರಿಗೆ ಕಾಲರಾ ಬಂದಾಗ ಉಡಚಮ್ಮ ತೀರಿಹೋದಳು.

ಹೀಗಾಗಿ ಗಂಡನ ಪರವಾಗಿ ಹೇಳುವುದಕ್ಕೆ ಈ ಲೋಕದಲ್ಲಿ ಹಫೀಜಾ ಒಬ್ಬಳೇ ಉಳಿದಳು.

ರಸೂಲನ ಅಣ್ಣ ಪೀರ್‌ಸಾಬ್ ಬಿಲ್ಲು ಬಿಟ್ಟು ಬಹಳ ಕಾಲವಾಗಿತ್ತು. ಅವನು ಜವಳಿ ಅಂಗಡಿ ಇಟ್ಟಿದ್ದ, ನಾಲ್ಕು ಊರಿನಲ್ಲಿ ಅವನಿಗೆ ಗಿರಾಕಿಗಳಿದ್ದರು. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಅವನ ಮನೆಯ ಹೆಂಗಸರು ಹೊರಗೆ ಕಾಣಿಸಿಕೊಳ್ಳುವುದು ನಿಂತಿತ್ತು. ಪಿಂಜಾರರ ಹೆಂಗಸರು ಮೊದಲೆಲ್ಲ ಹಾಗಿರಲಿಲ್ಲ. ಪೀರ್‌ಸಾಬನ ತಾಯಿ ಅಂಗಳದಲ್ಲೇ, ಹತ್ತಿಯ ಧೂಳಿನ ನಡುವೆ, ಗಾದಿ ಕೊಳ್ಳಲು ಬಂದವರ ಎದುರಿಗೇ ಕೂಸನ್ನು ಎದೆಗೆ ಹಾಕಿಕೊಂಡು ಚೌಕಾಸಿ ಮಾಡುತ್ತಿದ್ದವಳು. ಪೀರ್‌ಸಾಬನೂ ಹಾಗೆ ಕುಡಿದು ಬೆಳೆದವನೇ. ಆದರೆ ಅದನ್ನು ಅವನಿಗೆ ಈಗ ಯಾರೂ ನೆನಪಿಸುತ್ತಿರಲಿಲ್ಲ.

"ನಮ್ಮ ಮನೆ ಹೆಣ್ಮಕ್ಳು ಕಚೇರಿ ಮೆಟ್ಲು ಹತ್ತಿಲ್ಲ," ಎಂದ ಅವನು, ತಮ್ಮನ ಮನೆಯ ಬಾಗಿಲ ಹೊರಗೆ ನಿಂತು.

"ನಾನು ಹತ್ತದಿದ್ರೆ ನಿಮ್ಮ ತಮ್ಮ ಜೈಲಿಗೆ ಹೋಗ್ತಾರೆ ಭಾವ," ಎಂದಳು ಹಫೀಜಾ ಒಳಗಿನಿಂದ.

ತಮ್ಮನ ಮೇಲೆ ಪೀರ್‌ಸಾಬನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಠಾಣೆಗೆ ಊಟ ಹೊತ್ತುಕೊಂಡು ಹೋಗುತ್ತಿದ್ದವನು ಅವನೇ. ಕೊನೆಗೆ, "ಗಾಡಿ ಕಟ್ಟಿಸ್ತೀನಿ, ಬಾ," ಎಂದ. "ಆದ್ರೆ ಚಾದರ ಮೈಮ್ಯಾಲಿಂದ ಜಾರಬಾರ್ದು. ಕೂಸು ಅತ್ರೆ ಮಂದಿ ಎದುರಿಗೆ ಎದೆಗೆ ಹಾಕ್ಕಬ್ಯಾಡ. ಸಂತೇಬೆನ್ನೂರಾಗೆ ನನಗೆ ವ್ಯವಹಾರ ಐತೆ. ನಾಳೆ ನಾನು ಅವ್ರ ಮುಂದೆ ತಲೆ ಎತ್ತಿ ನಿಲ್ಬೇಕು."

ಹಫೀಜಾ ಆಗಲಿ ಎಂದಳು. ಅವತ್ತು ಅವಳು ಯಾವ ಮಾತಿಗಾದರೂ ಆಗಲಿ ಎನ್ನುತ್ತಿದ್ದಳು.

ಮ್ಯಾಜಿಸ್ಟ್ರೇಟರು ಆ ವಾರ ಸಂತೇಬೆನ್ನೂರಿನಲ್ಲಿ ಮೊಕ್ಕಾಂ ಮಾಡಿದ್ದರು. ಊರಾಚೆಯ ಬಂಗಲೆಯ ನಡುಮನೆಯಲ್ಲಿ ಮೇಜು ಹಾಕಿ ಕೇಸು ನಡೆಸುತ್ತಿದ್ದರು. ಅವತ್ತು ಸಂತೆಯ ದಿನ ಬೇರೆ. ಬಂಗಲೆಯ ಗೇಟಿನವರೆಗೂ ಮೆಣಸಿನಕಾಯಿ, ಬೆಲ್ಲ, ಮಡಕೆ ಹರಡಿಕೊಂಡವರು, ಗಾಡಿ ಬಿಟ್ಟವರು. ಹಫೀಜಾ ಗಾಡಿಯಲ್ಲೇ ಚಾದರದೊಳಗೆ ಕೂಸಿಗೆ ಹಾಲು ಕುಡಿಸಿ, ಇನ್ನು ಮಧ್ಯಾಹ್ನದ ತನಕ ಮಲಗುತ್ತದೆ ಎಂದುಕೊಂಡು ಇಳಿದಳು. ಬಂಗಲೆಯ ಜಗಲಿಯ ಒಂದು ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕೂತಳು. ಒಳಗಿನ ಮಾತು ಅಲ್ಲಿಗೆ ಕೇಳಿಸುತ್ತಿತ್ತು. ತಾನು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡಳು. ಬೆಳಿಗ್ಗೆ ನೋವು ಬಂತು ಸ್ವಾಮಿ, ಹೊತ್ತು ಇಳಿಯೋ ತನಕ ಅವರು ಬಾಗಿಲು ಬಿಟ್ಟು ಕದಲಲಿಲ್ಲ ಸ್ವಾಮಿ, ಈ ಕೂಸು ಅವತ್ತೇ ಹುಟ್ಟಿದ್ದು ಸ್ವಾಮಿ.

ಆದರೆ ಅವತ್ತು ಸೆಕೆ ಹೆಚ್ಚು. ದಪ್ಪ ಚಾದರದೊಳಗೆ ಕೂಸಿನ ಮೈ ಬೆಂದುಹೋಗಿತ್ತು, ಕತ್ತಿನ ತುಂಬ ಬೆವರುಸಾಲೆ ಎದ್ದಿತ್ತು. ಕೂಸು ಎಚ್ಚರಗೊಂಡು ಬಾಯಿ ಒಣಗಿದಂತೆ ಅಳತೊಡಗಿತು. ಹಫೀಜಾ ಚಾದರದೊಳಗೇ ರವಿಕೆ ಸಡಿಲಿಸಿ ಎದೆಗೆ ಹಾಕಿಕೊಂಡಳು. ಉಸಿರು ಕಟ್ಟಿದ ಕೂಸು ಕಾಲು ಝಾಡಿಸಿ ಚಾದರವನ್ನು ಒದ್ದಿತು. ಅದು ಜಾರಿತು.

ಎದೆಗೆ ಡವಾಲಿ ಪಟ್ಟಿ ಹಾಕಿಕೊಂಡ ಜವಾನ ಗೋಣೆಪ್ಪ ಬಂದು ನಿಂತ. ನಡುವಯಸ್ಸಿನ ಮನುಷ್ಯ. ಮುಖ ಬೇರೆ ಕಡೆ ತಿರುಗಿಸಿಕೊಂಡೇ ಮಾತಾಡಿದ.

"ಏಳಮ್ಮ. ಇಲ್ಲಿ ಬ್ಯಾಡ."

"ಕೂಸಿಗೆ ಬಾಯಾರೈತೆ ಅಣ್ಣಾ, ಚಣಾ ಹೊತ್ತು."

"ಕುಡಿಸಬ್ಯಾಡ ಅನ್ನಾಕಿಲ್ಲ ನಾನು. ನನ್ನ ಮನ್ಯಾಗೂ ಬಾಣಂತಿ ಅದಾಳೆ. ಹ್ವಾದ ಸಾರಿ ಮೊಕ್ಕಾಂ ಬಂದಾಗ ಈ ಮೆಟ್ಲು ತುಂಬ ಹೆಂಗಸ್ರು ಕೂಸು ಹಾಕ್ಕಂಡು ಕುಂತಿದ್ರು. ಇದೇನು ಕೋರ್ಟೋ ಸಂತೆಯೋ ಅಂತ ಸಾಹೇಬ್ರು ನನ್ನ ಮ್ಯಾಲೆ ಹರಿಹಾಯ್ದ್ರು. ಗೇಟಿನ ಹೊರಗೆ ಕುಡಿಸ್ಕಂಡು ಬಾ. ನಿಮ್ಮ ಕೇಸು ಊಟದ ಮ್ಯಾಲೆ. ಅವಸರ ಇಲ್ಲ."

ಅವನ ಮಾತಿನಲ್ಲಿ ಗದರಿಕೆ ಇರಲಿಲ್ಲ. ಹಫೀಜಾ ಎದ್ದಳು. ಪೀರ್‌ಸಾಬ್ ತಲೆ ತಗ್ಗಿಸಿಕೊಂಡು ಅವಳ ಮುಂದೆ ನಡೆದ.

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಮಜ್ಜಿಗೆ ಮಾರುತ್ತ ಕಲ್ಲಮ್ಮ ಎಂಬವಳು ಕೂತಿದ್ದಳು. ತೊಡೆಯ ಮೇಲೆ ವರ್ಷದ ಮಗು ಮೊಲೆ ಚೀಪುತ್ತ ಮಲಗಿತ್ತು. ಅವಳು ಒಂದು ಕೈಯಲ್ಲಿ ಅದರ ಬೆನ್ನು ತಟ್ಟುತ್ತ, ಇನ್ನೊಂದು ಕೈಯಲ್ಲಿ ಮಜ್ಜಿಗೆ ಮೊಗೆದು ಕೊಡುತ್ತಿದ್ದಳು. ಕುಡಿದವರು ಕುಡಿದು ಹೋಗುತ್ತಿದ್ದರು. ಯಾರೂ ಅವಳ ಕಡೆ ತಿರುಗಿ ನೋಡುತ್ತಿರಲಿಲ್ಲ.

"ಬಾರವ್ವ, ಇಲ್ಲಿ ಕುಂದ್ರು," ಎಂದು ಕಲ್ಲಮ್ಮ ಗಡಿಗೆ ಸರಿಸಿ ಜಾಗ ಮಾಡಿದಳು. "ನೆಳ್ಳು ಐತೆ. ಕೂಗಿದ್ರೂ ಕೇಳಿಸ್ತೈತೆ."

ಹಫೀಜಾ ಕೂರುವುದಕ್ಕೆ ಬಗ್ಗಿದ್ದಳು. ಅಷ್ಟರಲ್ಲಿ ಆಚೆ ಬದಿಯ ಕಾಳಿನ ಅಂಗಡಿಯಿಂದ ಒಬ್ಬ, "ಏನ್ ಪೀರ್‌ಸಾಬ್ರೆ, ಮನೆಯವ್ರೂ ಬಂದಾರೇನು?" ಎಂದು ಮಾತಾಡಿಸಿದ. ಅವನು ಕೇಳಿದ್ದು ಅಷ್ಟೇ, ಅದರಲ್ಲಿ ಕೊಂಕೂ ಇರಲಿಲ್ಲ. ಆದರೆ ಪೀರ್‌ಸಾಬನ ಮುಖ ಕಪ್ಪಿಟ್ಟಿತು.

"ಇಲ್ಲಿ ಬ್ಯಾಡ," ಎಂದ.

"ಯಾಕ್ರೀ ಸಾಬ್ರೆ, ನಾನು ಕುಂತಿಲ್ವಾ?" ಎಂದಳು ಕಲ್ಲಮ್ಮ.

"ನಿಮ್ದು ಬ್ಯಾರೆ ಕಣವ್ವಾ."

"ನನ್ದೇನು ಬ್ಯಾರೆ?"

ಪೀರ್‌ಸಾಬ್ ದಾರಿಹೋಕರು ತಂಗುವ ಮುಸಾಫಿರ್ ಖಾನೆಯ ಕಡೆ ನಡೆದ. ಅಲ್ಲಿ ನೆರಳಿತ್ತು, ಆದರೆ ಕಂಬಕ್ಕೊಬ್ಬರಂತೆ ಗಂಡಸರು ಮಲಗಿದ್ದರು. ಅಲ್ಲೂ ಬೇಡವಾಯಿತು. ಅದರ ಎದುರಿನ ಹೊಂಡದ ಮೆಟ್ಟಿಲ ಮೇಲೆ ನೀರಿಗೆ ಬಂದವರಿದ್ದರು, ಅಲ್ಲೂ ಬೇಡ. ಕೂಸು ಅತ್ತು ಅತ್ತು ದನಿ ಹೋಗಿ, ಬರೀ ಬಾಯಿ ತೆರೆದು ಮುಚ್ಚುತ್ತಿತ್ತು. ಕೊನೆಗೆ ಹೊಂಡವನ್ನು ಬಳಸಿಕೊಂಡು ಆಚೆ ಬದಿಗೆ ಹೋದರೆ ಒಂದು ಕುಸಿದ ಗೋಡೆ, ಅದರ ಹಿಂದೆ ಎಕ್ಕದ ಗಿಡ. ಜನರ ಕಣ್ಣು ಬೀಳದ ಜಾಗ. ಸಂತೆಯ ಗದ್ದಲವೂ ಅಲ್ಲಿಗೆ ಬರುತ್ತಿರಲಿಲ್ಲ.

"ಭಾವ, ನಾನು ಇಲ್ಲಿರ್ತೀನಿ. ನೀವು ಬಂಗ್ಲೆ ಹತ್ರ ಹೋಗಿರ್ರಿ. ಕರೆದ್ರೆ ಬಂದು ಹೇಳಾಕೆ ಒಬ್ರು ಬೇಕು," ಎಂದಳು ಹಫೀಜಾ.

"ಒಬ್ಳನ್ನೇ ಬಿಟ್ಟು ಹೋದ್ರೆ ಜನ ಏನಂತಾರೆ? ಊಟದ ಮ್ಯಾಲೆ ಅಂದ್ನಲ್ಲ ಅವ್ನು," ಎಂದು ಪೀರ್‌ಸಾಬ್ ಗೋಡೆಯ ತುದಿಗೆ ಹೋಗಿ, ಅವಳಿಗೆ ಬೆನ್ನು ಮಾಡಿ, ಕೊಡೆ ಊರಿಕೊಂಡು ನಿಂತ.

ಕೂಸು ಸಿಟ್ಟಿನಿಂದ ಮೊದಲು ಬಾಯೇ ಹಾಕಲಿಲ್ಲ. ಕಟ್ಟಿದ ಹಾಲು ತಾನಾಗಿ ಸೋರಿ ಹಫೀಜಾಳ ಸೀರೆ ತೋಯ್ದುಹೋಯಿತು. ಅವಳು ಅದರ ಕೆನ್ನೆಗೆ ಉಫ್ ಎಂದು ಗಾಳಿ ಊದಿ, ಬೆರಳಿನಿಂದ ತುಟಿಗೆ ಹಾಲು ಸವರಿ, ಪುಸಲಾಯಿಸಿದ ಮೇಲೆ ಹಿಡಿಯಿತು. ಹಿಡಿದದ್ದೇ ಗಟಗಟ ಕುಡಿಯತೊಡಗಿತು. ಅದರ ಬಿಗಿದ ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡು ಅವಳ ಎದೆಯ ಮೇಲೆ ಬಿತ್ತು. ಹಫೀಜಾ ಚಾದರ ಪಕ್ಕಕ್ಕಿಟ್ಟು, ಗಾಳಿಗೆ ಮೈಯೊಡ್ಡಿ ಕೂತಳು. ಎಲ್ಲ ಸರಿಹೋಗುತ್ತದೆ, ಸಂಜೆ ಮೂವರೂ ಒಂದೇ ಗಾಡಿಯಲ್ಲಿ ಊರಿಗೆ ಹೋಗುತ್ತೇವೆ ಎಂದು ಅವಳಿಗೆ ಅನ್ನಿಸಿತು. ಆ ಹೊತ್ತಿನಲ್ಲಿ ಅವಳು ಸುಖವಾಗಿದ್ದಳು. ಮುಂದೆ ಎಷ್ಟೋ ವರ್ಷ ಅವಳನ್ನು ಹಿಂಡಿದ್ದು ಇದೇ. ಬಂಗಲೆಯಲ್ಲಿ ತನ್ನ ಹೆಸರು ಕೂಗುತ್ತಿದ್ದಾಗ ತಾನು ಸುಖವಾಗಿ ಕೂತಿದ್ದೆ ಎನ್ನುವುದು.

ಕೂಸಿಗೆ ನಿದ್ದೆ ಹತ್ತಿದ ಮೇಲೆ ಇಬ್ಬರೂ ಹಿಂದಿರುಗಿದರು. ಬೇವಿನ ಮರದ ಹತ್ತಿರ ಬರುತ್ತಿದ್ದಂತೆ ಕಲ್ಲಮ್ಮ ಎದ್ದು ನಿಂತಳು.

"ಎಲ್ಲಿ ಹೋಗಿದ್ಯವ್ವ? ನಿನ್ನ ಹೆಸ್ರು ಕೂಗಿದ್ರು. ನಾನು ಮುಸಾಫಿರ್ ಖಾನೆ ತನಕ ಬಂದು ನೋಡಿದೆ. ನೀನು ಸಿಗ್ಲಿಲ್ಲ."

ಅವಳಿಗಿಂತ ಮುಂಚೆ ಇದ್ದ ಕೇಸಿನವರು ಬಂದೇ ಇರಲಿಲ್ಲ. ಸಾಹೇಬರು ಮುಂದಿನದನ್ನು ತೆಗೆದುಕೊಂಡಿದ್ದರು. ಗುಮಾಸ್ತ ಬಸವರಾಜಪ್ಪ ಬೇಲಿಯ ಹತ್ತಿರ ಕಂಡದ್ದನ್ನು ಹೇಳಿದ್ದ. ರಸೂಲ್ ತಾನು ಮನೆಯಲ್ಲಿದ್ದೆ, ಹೆಂಡತಿ ಬಂದಿದ್ದಾಳೆ, ಕೇಳಿ ಎಂದಿದ್ದ. ಗೋಣೆಪ್ಪ ಜಗಲಿಯಲ್ಲಿ ನಿಂತು ಮೂರು ಸಲ ಕೂಗಿದ್ದ. ಹಫೀಜಾ ಮೆಟ್ಟಿಲು ಹತ್ತುವಾಗ ಇಬ್ಬರು ಪೊಲೀಸರು ರಸೂಲನನ್ನು ಹೊರಗೆ ಕರೆತರುತ್ತಿದ್ದರು. ಒಂದು ವರ್ಷದ ಕಠಿಣ ಶಿಕ್ಷೆ ಆಗಿತ್ತು. ಅವನು ಅವಳನ್ನು ನೋಡಿದ. ಅವಳ ಹೆಗಲ ಮೇಲೆ ಮಲಗಿದ್ದ ಕೂಸನ್ನು ನೋಡಿದ. ಆಮೇಲೆ ಕಣ್ಣು ಕೆಳಗೆ ಹಾಕಿ ನಡೆದುಬಿಟ್ಟ.

ಹಫೀಜಾ ಅವನ ಹಿಂದೆ ಹೋಗಲಿಲ್ಲ. ನೇರವಾಗಿ ಒಳಗೆ ನುಗ್ಗಿ ಮೇಜಿನ ಎದುರು ನಿಂತಳು. ತಡೆಯುವುದಕ್ಕೆ ಗೋಣೆಪ್ಪನಿಗೆ ಕೈ ಬರಲಿಲ್ಲ.

"ಸ್ವಾಮಿ, ನಾನು ಸಾಕ್ಷಿ."

ಸಾಹೇಬರು ತಲೆ ಎತ್ತಿದರು. ಇನ್ನೂ ಮೂವತ್ತೈದು ದಾಟದ, ಪೇಟ ಕಟ್ಟಿದ ಮನುಷ್ಯ. ಬೆಳಗಿನಿಂದ ಸೆಕೆಯಲ್ಲಿ ಕೂತು ಬಳಲಿದ್ದರು.

"ಕೂಗಿದಾಗ ಎಲ್ಲಿ ಹೋಗಿದ್ದೆಯಮ್ಮ?"

ಸುತ್ತ ಗಂಡಸರೇ. ಷಣ್ಮುಖಪ್ಪನವರ ಕಡೆಯವರು, ಪೊಲೀಸರು, ಸುಮ್ಮನೆ ನೋಡುವುದಕ್ಕೆ ಬಂದವರು, ಬಾಗಿಲಲ್ಲಿ ಭಾವ. ಅದನ್ನು ಹೇಳುವುದಕ್ಕೆ ಹಫೀಜಾಗೆ ಬೇರೆ ಮಾತು ಗೊತ್ತಿರಲಿಲ್ಲ.

"ಕೂಸಿಗೆ ಮೊಲೆ ಕೊಡಾಕೆ ಹೋಗಿದ್ದೆ ಸ್ವಾಮಿ."

ಹಿಂದೆ ಯಾರೋ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು.

"ಅದಕ್ಕೆ ಅಷ್ಟು ದೂರ ಯಾಕೆ ಹೋದೆ? ಇಲ್ಲೇ ಜಗಲಿ ಮೇಲೆ ಕೂತು ಕುಡಿಸಬಹುದಾಗಿತ್ತಲ್ಲ."

ಹಫೀಜಾ ಗೋಣೆಪ್ಪನ ಕಡೆ ತಿರುಗಿ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಅವನ ಹೆಸರು ಎತ್ತಲಿಲ್ಲ.

"ತೀರ್ಪು ಬರೆದಾಯಿತು. ಮೇಲಿನ ಕೋರ್ಟಿಗೆ ಹೋಗಬಹುದು," ಎಂದು ಸಾಹೇಬರು ಎದ್ದರು. ಊಟದ ಹೊತ್ತಾಗಿತ್ತು.

ಮೇಲಿನ ಕೋರ್ಟಿನ ದಾರಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳುವುದಕ್ಕೆ ಪೀರ್‌ಸಾಬನಿಗೆ ಮುಖವಿರಲಿಲ್ಲ. ಗಾಡಿಯಲ್ಲಿ ಬರುವಾಗ ಅವನು ಒಂದೇ ಒಂದು ಸಲ, "ನಮ್ಮ ಹಣೇಬರ," ಎಂದ.

ಮಳೆಗಾಲ ಮುಗಿದ ಮೇಲೆ ಅವಳು ಗಂಡನನ್ನು ನೋಡಲು ಹೋದಳು. ಭಾವನನ್ನು ಕೇಳಲಿಲ್ಲ. ಚನ್ನಗಿರಿಯಿಂದ ಬಸ್ಸು ಹಿಡಿದು, ಇಳಿದ ಮೇಲೆ ಕೇಳಿಕೊಂಡು ಕೇಳಿಕೊಂಡು ನಡೆದು ಜೈಲಿನ ಗೇಟು ಮುಟ್ಟಿದಳು. ಗೇಟಿನ ಕಂಬಿಯ ಆಚೆ ರಸೂಲನನ್ನು ತಂದು ನಿಲ್ಲಿಸಿದರು. ಮೈ ಇಳಿದುಹೋಗಿತ್ತು. ಮಾತಿಗೆ ಮುಂಚೆ ಕೆಮ್ಮು ಬರುತ್ತಿತ್ತು. ಅವನು ಅವಳ ಮುಖ ನೋಡಲಿಲ್ಲ.

"ಅವತ್ತು ಬರ್ಲಿಲ್ಲ. ಇವತ್ತು ಯಾಕೆ ಬಂದೆ?"

"ಬಂದಿದ್ದೆ."

"ಎಲ್ಲಾ ಮುಗಿದ ಮ್ಯಾಲೆ ಬಂದಿದ್ದೆ. ಅಣ್ಣ ಬ್ಯಾಡ ಅಂದಿರ್ತಾನೆ, ನೀನೂ ಸುಮ್ಕಾಗಿರ್ತೀಯ ಅಂದ್ಕಂಡೆ. ಇಲ್ಲಾ ನಾನೇ ಕದ್ದಿರ್ಬೇಕು ಅಂತ ನಿನಗೂ ಅನ್ಸಿರ್ಬೇಕು ಅಂದ್ಕಂಡೆ. ಇಷ್ಟು ದಿನ ಇದೇ ಲೆಕ್ಕ ಹಾಕ್ಕಂತ ಬಿದ್ದಿದೀನಿ."

ಅವನು ಹೀಗೆ ತಿಳಿದುಕೊಂಡಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಸೊಂಟದ ಮೇಲಿದ್ದ ಜಹಾನಾರಾ ಹೊಸ ಮುಖ, ಕಂಬಿ, ಪೊಲೀಸಿನವನು ಎಲ್ಲ ನೋಡಿ ಬೆದರಿ ಅಳತೊಡಗಿತು. ಹಫೀಜಾ ಅಲ್ಲೇ, ಕಂಬಿಯ ಬುಡದಲ್ಲೇ ನೆಲಕ್ಕೆ ಕೂತು ಅದನ್ನು ಎದೆಗೆ ಹಾಕಿಕೊಂಡಳು.

"ಸೆರಗು ಎಳ್ಕ," ಎಂದ ರಸೂಲ್ ತಗ್ಗಿದ ದನಿಯಲ್ಲಿ. "ಪೊಲೀಸ್ನೋರು ನೋಡ್ತಾರೆ."

"ನೋಡ್ಲಿ. ಸೆರಗು ಎಳೆದ್ರೆ ಇದು ಕುಡಿಯಾಕಿಲ್ಲ. ಎದ್ದು ಆಚೆ ಹೋದ್ರೆ ನಿಮ್ಮನ್ನ ಒಳಗೆ ಕರ್ಕಂಡು ಹೋಗ್ತಾರೆ. ಅವತ್ತೂ ನಾನು ಇದಕ್ಕೇ ಹೋಗಿದ್ದು."

ಅವಳು ಎಲ್ಲವನ್ನೂ ಹೇಳಿದಳು. ಜಗಲಿಯಲ್ಲಿ ಬೇಡ ಎಂದದ್ದು, ಬೇವಿನ ಮರದ ಕೆಳಗೆ ಬೇಡ ಎಂದದ್ದು, ಹೊಂಡದ ಆಚೆಯ ಗೋಡೆ, ಭಾವ ಕೊಡೆ ಊರಿಕೊಂಡು ಕಾವಲು ನಿಂತದ್ದು. ಸಾಹೇಬರು ಕೊನೆಗೆ ಹೇಳಿದ ಮಾತನ್ನೂ ಹೇಳಿದಳು. ಹೇಳುವಾಗ ಅವಳು ಅಳಲಿಲ್ಲ. ಕೂಸು ಕುಡಿಯುತ್ತಿದ್ದಾಗ ಅತ್ತರೆ ಹಾಲು ಕೆಡುತ್ತದೆಂದು ಉಡಚಮ್ಮ ಹೇಳಿದ್ದಳು.

ರಸೂಲ್ ಕಂಬಿಗೆ ಹಣೆ ಹಚ್ಚಿ ನಿಂತ. "ನಾನು ಅಲ್ಲಿದ್ರೆ ನಾನೂ ಬ್ಯಾಡ ಅಂತಿದ್ದೆ," ಎಂದ.

"ಗೊತ್ತು."

"ಅಣ್ಣನಂಗೆ ನಾನೂ ನಿನ್ನ ಆ ಗ್ವಾಡೆ ಹಿಂದಕ್ಕೇ ಕರ್ಕಂಡು ಹೋಗ್ತಿದ್ದೆ."

"ಗೊತ್ತು ಅಂದ್ನಲ್ಲ."

ಅವನು ಕಂಬಿಯ ಸಂದಿಯಿಂದ ಕೈ ಹಾಕಿ ಕೂಸಿನ ಪಾದ ಮುಟ್ಟಿದ. ಪೊಲೀಸಿನವನು ಹೊತ್ತಾಯಿತು ಎಂದು ಅವನ ರಟ್ಟೆ ಹಿಡಿದ. ಕೂಸು ಇನ್ನೂ ಕುಡಿಯುತ್ತಲೇ ಇತ್ತು. ಹಫೀಜಾ ಏಳಲಿಲ್ಲ. ಅದು ತಾನಾಗಿ ಬಾಯಿ ಬಿಡುವ ತನಕ ಗೇಟಿನ ಎದುರಿಗೇ ಕೂತಿದ್ದಳು. ಬರುವವರು ಹೋಗುವವರು ಅವಳನ್ನು ಸುತ್ತಿ ನಡೆದರು.

ಶಿಕ್ಷೆ ಮುಗಿಸಿ ಬಂದ ಮೇಲೆ ರಸೂಲನನ್ನು ಮದುವೆ ಮನೆಗೆ ಕರೆಯುವವರಿಲ್ಲದಂತಾಯಿತು. ಪಡಸಾಲೆಯಲ್ಲಿ ಕೂತು ಹತ್ತಿ ಹೊಡೆಯುವ ಕೆಲಸ, ಮನೆಯವರಿಗೆ ನಂಬಿಕೆ ಇರಬೇಕು. ನಲ್ಲೂರಿನ ಡಾಬು ಸಿಗಲೇ ಇಲ್ಲ. ಯಾರೂ ಗುರುತು ಹಿಡಿಯದ ಕಡೆ ಹೋಗೋಣವೆಂದು ಅವರು ಜಗಳೂರಿಗೆ ಹೋದರು. ಅಲ್ಲಿ ಸುತ್ತ ಹತ್ತಿ ಬೆಳೆಯುತ್ತಿದ್ದರು. ಆದರೆ ಜೈಲಿನಲ್ಲಿ ಹಿಡಿದ ಕೆಮ್ಮಿಗೆ ಹತ್ತಿಯ ಧೂಳು ಸೇರಿ ರಸೂಲನ ಎದೆ ಮೂಳೆಯ ಗೂಡಾಯಿತು. ಕೊನೆಕೊನೆಗೆ ಬಿಲ್ಲು ಎತ್ತುವುದಕ್ಕೂ ಆಗದೆ ಅವನು ಗೋಡೆಗೆ ಒರಗಿ ಕೂತಿರುತ್ತಿದ್ದ. ಹಫೀಜಾಳೇ ಹತ್ತಿ ಹೊಡೆದು ಗಾದಿ ಹೊಲಿಯುತ್ತಿದ್ದಳು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಬಟ್ಟೆಗೂ ಕಾಳಿಗೂ ಜನ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ, ಅವನು ತೀರಿಕೊಂಡ.

ಮಣ್ಣಿಗೆ ಪೀರ್‌ಸಾಬ್ ಬಂದಿದ್ದ. ಗಡ್ಡ ನರೆತಿತ್ತು. ಎಲ್ಲರೂ ಹೋದ ಮೇಲೆ ಅವನು ಬಾಗಿಲ ಹೊರಗೆ ನಿಂತುಕೊಂಡೇ ಇದ್ದ.

"ಹಫೀಜಾ," ಎಂದ ಕೊನೆಗೆ. "ಅವ್ನು ನನ್ನ ಬಗ್ಗೆ ಏನಾದ್ರೂ ಅಂದಿದ್ನಾ?"

"ಏನೂ ಅಂದಿಲ್ಲ ಭಾವ."

ಅದು ನಿಜವೇ ಆಗಿತ್ತು. ಆದರೆ ಪೀರ್‌ಸಾಬ್ ತನ್ನ ತಪ್ಪೇನೂ ಇಲ್ಲ ಎನ್ನುವ ಇನ್ನೊಂದು ಮಾತಿಗೆ ಕಾಯುವವನಂತೆ ಹೊಸ್ತಿಲ ಆಚೆ ನಿಂತೇ ಇದ್ದ. ಹಫೀಜಾ ಒಳಗೆ ಹೋಗಿ ಮಗಳಿಗೆ ಗಂಜಿ ಹಾಕಿದಳು.